ಉಬ್ಬಿದ ಬ್ಯಾಟರಿಯನ್ನು ಯಾರಿಗೆ ಕೊಡುವುದು?

ಶಾಲೆಯಲ್ಲಿ ವಿಭಕ್ತಿ ಪಾಠ ಮಾಡುವಾಗ ನಮ್ಮ ಮೇಷ್ಟ್ರು ‘ಕೊಡು’ ಎಂಬ ಕ್ರಿಯಾಪದವನ್ನೇ ಉದಾಹರಣೆಗೆ ಹಿಡಿಯುತ್ತಿದ್ದರು. ಏನನ್ನು ಕೊಟ್ಟ? ಯಾರಿಗೆ ಕೊಟ್ಟ? ದ್ವಿತೀಯೆಯ ಬೆನ್ನಿಗೇ ಚತುರ್ಥಿ ಬರಬೇಕು. ‘ಬಿಸಾಡು’ ಹಾಗಲ್ಲ. ಏನನ್ನು ಎಂದು ಕೇಳಿದರೆ ಮುಗಿಯಿತು, ಯಾರಿಗೆ ಎಂದು ವಾಕ್ಯ ಕೇಳುವುದೇ ಇಲ್ಲ. ಈ ವ್ಯತ್ಯಾಸ ನನಗೆ ವ್ಯಾಕರಣಕ್ಕಿಂತ ದೊಡ್ಡದಾಗಿ ಕಂಡದ್ದು ಹೋದ ಮೇ ತಿಂಗಳಲ್ಲಿ, ನೋಯ್ಡಾದ ಬಾಡಿಗೆ ಮನೆಯಲ್ಲಿ.

ಆರು ವರ್ಷದ ಲ್ಯಾಪ್‌ಟಾಪಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಹಿಂಬದಿಯ ಸ್ಕ್ರೂ ಬಿಚ್ಚಿದರೆ ಒಳಗೆ ಬ್ಯಾಟರಿ ಬೆಳ್ಳಿಬಣ್ಣದ ಪೂರಿಯ ಹಾಗೆ ಉಬ್ಬಿತ್ತು. ಹಳೆಯದಾದ ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಕೆಟ್ಟು ಅನಿಲವಾಗುತ್ತದೆ. ಅನಿಲಕ್ಕೆ ಹೊರದಾರಿಯಿಲ್ಲ, ಚೀಲ ಉಬ್ಬುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಎರಡು ವಿದ್ಯುದ್ವಾರಗಳ ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಪೊರೆ. ಯಾರಾದರೂ ಚುಚ್ಚಿದರೆ, ಜಜ್ಜಿದರೆ ಅದು ಹರಿದು ಒಳಗೊಳಗೇ ಶಾರ್ಟ್ ಆಗುತ್ತದೆ. ಬಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ. ಆಮೇಲೆ ಬೆಂಕಿ, ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ.

ಈ ಬ್ಯಾಟರಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಜಪಾನಿನ ಅಕಿರಾ ಯೋಶಿನೋ 1980ರ ದಶಕದಲ್ಲಿ ತಮ್ಮ ಮಾದರಿಯ ಮೇಲೆ ಭಾರವಾದ ಕಬ್ಬಿಣದ ತುಂಡು ಬೀಳಿಸಿ ಪರೀಕ್ಷಿಸಿದ್ದರು. ಶುದ್ಧ ಲಿಥಿಯಂ ಲೋಹವಿದ್ದ ಬ್ಯಾಟರಿ ಸಿಡಿಯಿತು, ಅವರದು ಸಿಡಿಯಲಿಲ್ಲ. 2019ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆದರೆ ಅವರು ಪರೀಕ್ಷಿಸಿದ್ದು ಹೊಸದನ್ನು. ಅದೇ ಪರೀಕ್ಷೆಯನ್ನು ಹಳೆಯದರ ಮೇಲೆ ಕಸವನ್ನು ಒತ್ತಿ ತುಂಬುವ ಲಾರಿಗಳು ದಿನಾ ಮಾಡುತ್ತಿವೆ, ಯಾವ ಪ್ರಯೋಗಾಲಯವೂ ಇಲ್ಲದೆ.

ನಾನು ಮಾಡಿದ್ದು ಇಷ್ಟು. ಚಾರ್ಜ್ ಮಾಡಲಿಲ್ಲ, ಒತ್ತಿ ನೋಡಲಿಲ್ಲ. ಕನೆಕ್ಟರಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಪಕ್ಕದ ಕಟ್ಟಡದ ಕೆಲಸದವರಿಂದ ಒಣ ಮರಳು ಕೇಳಿ ತಂದು, ಮಣ್ಣಿನ ಮಡಕೆಯಲ್ಲಿ ಹುದುಗಿಸಿ ಬಾಲ್ಕನಿಯ ನೆರಳಿನ ಮೂಲೆಯಲ್ಲಿಟ್ಟೆ. ಆಫೀಸಿನ ಇ-ತ್ಯಾಜ್ಯದ ಡಬ್ಬಿಯ ಮೇಲೆ ‘ಉಬ್ಬಿದ ಬ್ಯಾಟರಿ ಹಾಕಬೇಡಿ’ ಎಂಬ ಚೀಟಿಯಿತ್ತು. ಊರಿಗೆ ಒಯ್ಯೋಣವೆಂದರೆ ಹಾಳಾದ ಬ್ಯಾಟರಿಗೆ ವಿಮಾನದಲ್ಲಿ ಜಾಗವಿಲ್ಲ, ಕೈಚೀಲದಲ್ಲೂ ಇಲ್ಲ. ಊರಿನ ಮಾತು ಬಂತು ನೋಡಿ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪವಿದೆಯೆಂದು ಸುದ್ದಿ ಬಂದಾಗ ‘ಅದು ನಮ್ಮದು’ ಎಂದು ವಾಟ್ಸಾಪಿನಲ್ಲಿ ಹಿಗ್ಗದವರಿಲ್ಲ. ನೆಲದೊಳಗಿದ್ದಾಗ ಅಷ್ಟು ಜನ ವಾರಸುದಾರರು. ಮಡಕೆಯಲ್ಲಿದ್ದ ಮುನ್ನೂರು ಗ್ರಾಮಿಗೆ ನಾನೊಬ್ಬನೇ.

ಭಾನುವಾರ ಕಬಾಡಿಯವನು ಬಂದ. ನಮ್ಮ ಕಡೆ ಗುಜರಿಯವನು ಅನ್ನುತ್ತೇವಲ್ಲ, ಅವನೇ. ಬದಾಯೂಂ ಕಡೆಯವನು, ನನ್ನ ಹಾಗೆಯೇ ಊರು ಬಿಟ್ಟು ಬಂದವನು. ಮಡಕೆ ನೋಡಿ ತಾನೇ ಕೇಳಿದ. ಹೇಳಿದೆ. “ಗೊತ್ತು ಭಾಯಿ ಸಾಬ್, ಇಂಥವು ದಿನಾ ಸಿಗುತ್ವೆ. ಕೊಡಿ, ಇಪ್ಪತ್ತು ರೂಪಾಯಿ ಕೊಡ್ತೀನಿ” ಅಂದ. ಎಲ್ಲಿಗೆ ಹೋಗುತ್ತೆ ಎಂದರೆ, ಸೀಲಂಪುರ. ಈಶಾನ್ಯ ದಿಲ್ಲಿಯ ಆ ಗಲ್ಲಿಗಳಲ್ಲಿ ದೇಶದ ಹಳೆಯ ಕಂಪ್ಯೂಟರು, ಫೋನುಗಳನ್ನು ಸುತ್ತಿಗೆ, ಉಳಿ, ಸ್ಕ್ರೂಡ್ರೈವರು ಹಿಡಿದು ಕೈಯಲ್ಲೇ ಬಿಚ್ಚುತ್ತಾರೆ. ನಾನು ಕೊಡಲಿಲ್ಲ.

ರೂಮ್‌ಮೇಟ್ ಧಾರವಾಡದವನು. ರಾತ್ರಿ ಊಟಕ್ಕೆ ಕೂತಾಗ ಜಗಳಕ್ಕೇ ಬಂದ. “ಅಂವಗ ಗೊತ್ತದ, ಅಂವ ಒಪ್ಪ್ಯಾನ, ರೊಕ್ಕಾನೂ ಕೊಡ್ತೀನಿ ಅಂತಾನ. ಅಂವನ ಅನ್ನಕ್ಕ ಕಲ್ಲ ಹಾಕೂದು ಯಾವ ಧರ್ಮಲೇ?”

ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಅದು. ಬಡವನ ಒಪ್ಪಿಗೆಯನ್ನು ಒಪ್ಪಿಗೆಯೇ ಅಲ್ಲ ಎನ್ನುವುದರಲ್ಲಿ ಒಂದು ಅಹಂಕಾರವಿದೆ. ಅವನಿಗೆ ಬುದ್ಧಿಯಿಲ್ಲ, ನನಗಿದೆ ಎಂದ ಹಾಗೆ. ಗಟಾರಕ್ಕಿಳಿಯುವವನೂ ಒಪ್ಪಿಯೇ ಇಳಿಯುತ್ತಾನೆ ಎಂಬ ಎದುರುಮಾತು ನನ್ನಲ್ಲಿತ್ತು. ಆದರೂ ನನ್ನನ್ನು ತಡೆದದ್ದು ಅವನ ಒಪ್ಪಿಗೆಯ ತೂಕವಲ್ಲ, ‘ಗೊತ್ತು’ ಎಂಬ ಮಾತಿನ ಆಯುಷ್ಯ. ಗೊತ್ತಿದ್ದದ್ದು ಅವನಿಗೆ. ಅವನಿಂದ ಗೋದಾಮಿಗೆ, ಅಲ್ಲಿಂದ ಚೀಲದಲ್ಲಿ ಸೀಲಂಪುರಕ್ಕೆ, ಅಲ್ಲಿ ಸುತ್ತಿಗೆ ಹಿಡಿದು ಕೂತ ಯಾವನೋ ಹುಡುಗನ ಕೈಗೆ. ವಸ್ತು ಕೈ ದಾಟುತ್ತಾ ಹೋಗುತ್ತದೆ, ತಿಳಿವಳಿಕೆ ಒಂದೊಂದು ಕೈಯಲ್ಲಿ ಸ್ವಲ್ಪ ಸ್ವಲ್ಪ ಉದುರುತ್ತದೆ. ಕೊನೆಯ ಕೈಗೆ ತಲುಪುವುದು ವಸ್ತು ಮಾತ್ರ. ಆ ಹುಡುಗನನ್ನು ಯಾರೂ ಕೇಳಿಲ್ಲ, ಅವನು ಯಾವುದಕ್ಕೂ ಒಪ್ಪಿಲ್ಲ.

ಇದು ಬರೀ ಊಹೆಯಲ್ಲ. ಇದೇ ದಿಲ್ಲಿಯಲ್ಲಿ, 2010ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಬಹುಕಾಲ ಬಳಸದೆ ಬಿಟ್ಟಿದ್ದ ಗಾಮಾ ವಿಕಿರಣ ಯಂತ್ರವೊಂದು ಹರಾಜಿನಲ್ಲಿ ಗುಜರಿಗೆ ಹೋಯಿತು. ಮಾಯಾಪುರಿಯ ಗುಜರಿ ಪೇಟೆಯಲ್ಲಿ ಕೆಲಸದವರು ಅದನ್ನು ಬಿಚ್ಚಿದರು. ಒಳಗಿದ್ದದ್ದು ಕೋಬಾಲ್ಟ್-60. ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು, ಒಬ್ಬ ಸತ್ತ. (ನಮ್ಮ ಬ್ಯಾಟರಿಗಳಲ್ಲೂ ಕೋಬಾಲ್ಟ್ ಇರುತ್ತದೆ, ಅದು ವಿಕಿರಣ ಸೂಸುವ ಬಗೆಯದಲ್ಲ, ಹೆದರಬೇಡಿ.) ನನಗೆ ಆ ಪ್ರಕರಣದಲ್ಲಿ ಮತ್ತೆ ಮತ್ತೆ ಕಾಣುವುದು ಹರಾಜು. ಕದ್ದು ಎಸೆದದ್ದಲ್ಲ, ರಾಜಾರೋಷವಾಗಿ ಮಾರಿದ್ದು. ಕೋಬಾಲ್ಟ್-60 ಏನೆಂದು ಪಾಠ ಹೇಳಬಲ್ಲವರ ಕಟ್ಟಡದಿಂದ ವಸ್ತು ಹೊರಟಿತು, ಪಾಠ ಅಲ್ಲೇ ಉಳಿಯಿತು.

ನಮ್ಮ ಹಳೆಯ ಆಚಾರಗಳಿಗೆ ಈ ವಿಷಯ ಹೊಸದಲ್ಲ, ಎರಡೂ ಬಗೆಯವು ನಮ್ಮಲ್ಲಿವೆ. ಆಯುಧಪೂಜೆಯ ದಿನ ನಮ್ಮ ಗಾಡಿಯ ದೃಷ್ಟಿ ತೆಗೆದು ಬೂದುಗುಂಬಳವನ್ನು ನಡುರಸ್ತೆಗೆ ಒಡೆಯುತ್ತೇವೆ. ಸಂಜೆ ಅದರ ಮೇಲೆ ಯಾರದೋ ಬೈಕು ಜಾರುತ್ತದೆ. ಅದು ಬಿಸಾಡುವುದು. ಗ್ರಹದೋಷಕ್ಕೆ ಎಳ್ಳೋ ಎಣ್ಣೆಯೋ ದಾನ ಕೊಡುವಾಗ ಮಾತ್ರ ಸಂಕಲ್ಪ ಹೇಳುತ್ತಾರೆ: ಇಂಥವನು, ಇಂಥ ದೋಷಕ್ಕಾಗಿ ಕೊಡುತ್ತಿದ್ದಾನೆ ಎಂದು. ದೋಷದಾನದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ತೆಗೆದುಕೊಳ್ಳುವವನೆದುರು ಕೊಡುತ್ತಿರುವುದೇನೆಂದು ಬಾಯಿಬಿಟ್ಟು ಹೇಳಬೇಕೆಂಬ ಆ ಒಂದು ಕಟ್ಟಳೆಯನ್ನು ಯೋಚಿಸಿದವನು ಯಾರೋ, ಅವನ ಮೇಲೆ ಗೌರವವಿದೆ.

ಕಾನೂನೂ ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ನೆಲಭರ್ತಿಗೆ ಹಾಕುವ ಹಾಗಿಲ್ಲ, ಸುಡುವ ಹಾಗಿಲ್ಲ. ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಬೇರೆ ಕಸದಿಂದ ಬೇರ್ಪಡಿಸಿ ಸರಿಯಾದ ಕೈಗೆ ಒಪ್ಪಿಸುವುದು ನಮ್ಮದು. ಒಳ್ಳೆಯ ನಿಯಮ. ಆದರೆ ಎಷ್ಟೋ ಮನೆಗಳ ಬಾಗಿಲಿಗೆ ನಿಜಕ್ಕೂ ಬರುವ ಕೈ ಕಬಾಡಿಯವನದು. ಆ ಕೈಗೆ ಕೂಲಿ, ಕೈಗವಸು, ಒಂದು ಉಕ್ಕಿನ ಡಬ್ಬಿ ಕೊಟ್ಟು ಈ ಸರಪಳಿಗೆ ಸೇರಿಸದ ಹೊರತು, ನಾನು ಕೊಡಲಿಲ್ಲ ಎಂಬುದು ನನ್ನ ಮಡಿಯಷ್ಟೇ ಆಗಿ ಉಳಿಯುತ್ತದೆ.

ನಾನು ಮಡಕೆಯ ಸಮೇತ ಬ್ಯಾಟರಿಯನ್ನು ಪರವಾನಗಿ ಇರುವ ಮರುಬಳಕೆದಾರರ ಸಂಗ್ರಹ ಕೇಂದ್ರಕ್ಕೆ ಒಯ್ದೆ. ಫೋನಿನಲ್ಲೇ ‘ಉಬ್ಬಿದೆ’ ಎಂದು ಹೇಳಿಟ್ಟಿದ್ದರಿಂದ ಅವರು ಅದನ್ನು ಬೇರೆ ಡಬ್ಬಿಗೆ ತೆಗೆದುಕೊಂಡರು. ಹೋಗಿಬರಲು ಅರ್ಧ ರಜೆ, ಆಟೋಗೆ ನಾನೂರು ರೂಪಾಯಿ. ಇಷ್ಟು ರಜೆ, ಇಷ್ಟು ದುಡ್ಡು ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ಮರೆತು ಉಪದೇಶ ಮಾಡಲಾರೆ.

ಮುಂದಿನ ಭಾನುವಾರ ಕಬಾಡಿಯವನು ಮುಖ ಊದಿಸಿಕೊಂಡೇ ಬಂದ. “ಪೇಪರಿಗೆ, ಬಾಟಲಿಗೆ ನಾನು ಬೇಕು. ನಾಲ್ಕು ಕಾಸು ಸಿಗೋದು ಕಂಪನಿಯವರಿಗಾ?” ಉತ್ತರ ಹೊಳೆಯಲಿಲ್ಲ. ಅವನ ಗಾಡಿಯಲ್ಲಿ, ರದ್ದಿಯ ಮೇಲೆ, ಬೇರೆ ಯಾರದೋ ಮನೆಯ ಎರಡು ಉಬ್ಬಿದ ಪವರ್‌ಬ್ಯಾಂಕುಗಳಿದ್ದವು. ರದ್ದಿಯಿಂದ ಬೇರೆ ಇಡು, ಬಿಸಿಲಿಗೆ ಬಿಡಬೇಡ, ಟೇಪ್ ಸುತ್ತು, ಒಂದು ತಗಡಿನ ಡಬ್ಬಿಯಲ್ಲಿ ಮರಳು ತುಂಬಿ ಅದರೊಳಗಿಡು ಎಂದೆ. ಪೂರ್ತಿ ಕೇಳಿಸಿಕೊಂಡ. “ಮರಳು ಭಾರ ಆಗುತ್ತೆ ಭಾಯಿ ಸಾಬ್. ಗಾಡಿ ಎಳೆಯೋನು ನಾನು” ಅಂದ. ಟೇಪ್ ಮಾತ್ರ ಇಸಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಸುತ್ತತೊಡಗಿದ.