ಸ್ಲೇಟು ಮರೆಯುತ್ತಿತ್ತು

ಒಂದನೇ ತರಗತಿಯ ಹುಡುಗಿಯೊಬ್ಬಳು ಎಡಗೈಯನ್ನು ಅಡ್ಡ ಇಟ್ಟುಕೊಂಡು ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದಳು. ನಾನು ಹತ್ತಿರ ಹೋದ ಕೂಡಲೇ ಇನ್ನಷ್ಟು ಬಗ್ಗಿ, ‘ಈಗ್ಲೇ ನೋಡ್ಬೇಡಿ ಮಿಸ್, ಇನ್ನೂ ಆಗಿಲ್ಲ’ ಅಂದಳು. ಸರಿ ಅಂತ ಪಕ್ಕದ ಗುಂಪಿಗೆ ಹೋದೆ. ಅಲ್ಲಿಂದಲೇ ಓರೆಗಣ್ಣಲ್ಲಿ ನೋಡುತ್ತಿದ್ದೆ. ಬರೆದಳು, ಅಂಗೈಯಲ್ಲಿ ಉಜ್ಜಿದಳು, ಮತ್ತೆ ಬರೆದಳು, ಮತ್ತೆ ಉಜ್ಜಿದಳು. ಗಂಟೆ ಹೊಡೆಯುವ ಹೊತ್ತಿಗೆ ಸ್ಲೇಟನ್ನು ತಲೆಯ ಮೇಲೆ ಎತ್ತಿ ಹಿಡಿದಳು. ‘ಳ’ ಅಕ್ಷರ ದುಂಡಗೆ ಬಂದಿತ್ತು. ಅದಕ್ಕೆ ಮುಂಚೆ ಎಷ್ಟು ಸಲ ತಪ್ಪಾಯಿತೋ ನಾನು ಎಣಿಸಲಿಲ್ಲ, ಅವಳೂ ಎಣಿಸಿರಲಾರಳು.

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಳಾದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅಡ್ಡ ಇಟ್ಟ ಆ ಪುಟ್ಟ ಕೈ. ಆಗ ಅದನ್ನು ನಾಚಿಕೆ ಅಂದುಕೊಂಡಿದ್ದೆ. ತಪ್ಪುತ್ತಿರುವಾಗ ಯಾರೂ ನೋಡದಿರಲಿ, ಬಂದ ಮೇಲೆ ಎಲ್ಲರೂ ನೋಡಲಿ ಎಂಬ ಆಸೆ ಅದು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಆ ಆಸೆ ಉಳಿದಿರುವ ಮಗು ಕಲಿತೇ ಕಲಿಯುತ್ತದೆ. ಹಳೆಯ ಸಾಧನಗಳು ಆ ಆಸೆಯನ್ನು ಕಾಯುತ್ತಿದ್ದವು. ಊರಿನ ಹಳೆಯ ಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈಯಾಡಿಸಿದರೆ ಮರಳು ಮತ್ತೆ ಸಮವಾಗುತ್ತಿತ್ತು. ಆಮೇಲೆ ಸ್ಲೇಟು, ಬಳಪ ಬಂದವು. ಕಾಗದ ಕೊಳ್ಳಲಾಗದ ಬಡತನವೂ ಇದರ ಹಿಂದೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಆ ಮರಳಿಗೆ, ಆ ಸ್ಲೇಟಿಗೆ ಒಂದು ದೊಡ್ಡ ಗುಣವಿತ್ತು. ಮಗುವಿನ ತಪ್ಪನ್ನು ಅವು ಇಟ್ಟುಕೊಳ್ಳುತ್ತಿರಲಿಲ್ಲ.

ಈಗ ಶಾಲೆಗೆ ಬರುತ್ತಿರುವ ಸಾಧನಗಳು ಎಲ್ಲವನ್ನೂ ಇಟ್ಟುಕೊಳ್ಳುತ್ತವೆ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಅವಳ ಶಾಲೆಯಲ್ಲೊಂದು ಆಪ್ ಇದೆ. ಹೋಂವರ್ಕ್ ತಡವಾದರೆ, ಪಕ್ಕದವರೊಡನೆ ಮಾತಾಡಿದರೆ, ಡೈರಿ ಮರೆತರೆ ಕ್ಷಣದಲ್ಲಿ ಅಮ್ಮನ ಫೋನಿಗೆ ಸುದ್ದಿ. ಮಗು ಮನೆ ತಲುಪುವ ಮುಂಚೆಯೇ ಅದರ ತಪ್ಪು ಮನೆ ತಲುಪಿರುತ್ತದೆ. ಸಂಜೆ ಬಾಗಿಲು ತೆರೆದ ಅಮ್ಮ ‘ಏನ್ ಕಲಿತೆ ಇವತ್ತು?’ ಎಂದು ಕೇಳುವುದಿಲ್ಲ, ‘ಯಾಕೆ ಹಂಗ್ ಮಾಡ್ದೆ?’ ಎಂದು ಕೇಳುತ್ತಾಳೆ. ಕಳೆದ ವರ್ಷ ಒಂದು ಟೆಸ್ಟ್ ಮುಗಿದ ಸಂಜೆ ಇಡೀ ಕ್ಲಾಸಿನ ಅಂಕಪಟ್ಟಿಯನ್ನೇ ಪೋಷಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಕಡಿಮೆ ಬಂದವರ ಹೆಸರಿಗೆ ಕೆಂಪು ಬಣ್ಣ ಬಳಿದಿತ್ತು. ಮೊಮ್ಮಗಳ ಪಕ್ಕ ಕೂರುವ ಹುಡುಗನ ಹೆಸರೂ ಕೆಂಪಾಗಿತ್ತು. ನಾಲ್ಕಾರು ದಿನ ಕಳೆದ ಮೇಲೆ ಅವಳು ಹೇಳಿದ್ದು: ‘ಅಜ್ಜಿ, ಅವನು ಮುಂಚೆ ಕೈ ಎತ್ತಿ ಏನೇನೋ ಕೇಳ್ತಿದ್ದ. ಈಗ ಏನೂ ಕೇಳಲ್ಲ.’

ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನೂ ಅಂಕಗಳನ್ನು ಕ್ಲಾಸಿನಲ್ಲಿ ಜೋರಾಗಿ ಓದಿದವಳೇ. ಅದು ತಪ್ಪು ಎಂದು ಈಗ ಒಪ್ಪುತ್ತೇನೆ. ಆದರೆ ನಾನು ಓದಿದ್ದು ನಾಲ್ಕು ಗೋಡೆ ದಾಟುತ್ತಿರಲಿಲ್ಲ. ಮಳೆ ಬಂದರೆ, ಊರಹಬ್ಬ ಬಂದರೆ ಮಕ್ಕಳೇ ಅದನ್ನು ಮರೆತುಬಿಡುತ್ತಿದ್ದರು. ಈ ಕೆಂಪು ಪಟ್ಟಿ ಎಷ್ಟೋ ಮನೆಗಳ ಫೋನುಗಳಲ್ಲಿ ಕೂತಿದೆ. ಆ ಹುಡುಗ ದೊಡ್ಡವನಾಗಿ ಏನೇ ಆದರೂ ಅದು ಅಲ್ಲೇ ಕೂತಿರುತ್ತದೆ. ಹಾಕಿದ ಶಿಕ್ಷಕಿಯ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂದೇ ನನ್ನ ನಂಬಿಕೆ. ಕಡಿಮೆ ಬಂದವರು ಛಲದಿಂದ ಓದಲಿ ಎಂದುಕೊಂಡಿದ್ದಾರು. ಅವಮಾನವನ್ನೇ ಪ್ರೋತ್ಸಾಹ ಎಂದುಕೊಳ್ಳುವ ಭ್ರಮೆ ನಮ್ಮ ವೃತ್ತಿಯಲ್ಲಿ ಹಳೆಯದು. ಅದರ ಕೈಗೆ ಈಗ ಫೋನು ಸಿಕ್ಕಿದೆ.

ಅವಮಾನವಿಲ್ಲದೆ ಕಲಿಸುವ ದಾರಿಯನ್ನೂ ನಮ್ಮ ವೃತ್ತಿಯವರೇ ಕಂಡುಕೊಂಡಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕಟ್ಟಿದ ಕ್ರಮ ಅದು. ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತಿತ್ತು. ಮಗು ತನ್ನ ಮೆಟ್ಟಿಲು ತಾನು ಹುಡುಕಿಕೊಂಡು, ಕಾರ್ಡು ತೆಗೆದುಕೊಂಡು ಕೂರುತ್ತಿತ್ತು. ಹತ್ತು ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಮಗು ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ. ‘ಹಿಂದೆ ಬಿದ್ದೆ’ ಎಂಬ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಹೂವು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿದ್ದವು. ನನ್ನ ತರಗತಿಯಲ್ಲಿ ಹಾಜರಿಯನ್ನೂ ಮಕ್ಕಳೇ ಹಾಕುತ್ತಿದ್ದರು. ಬಾಗಿಲಿಗೆ ಬಂದವರೇ ಗೋಡೆಯ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಗುರುತು ಹಾಕಿ ಒಳಗೆ ಬರುತ್ತಿದ್ದರು. ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ಬಂದ ಹುಡುಗಿ ಅವನನ್ನು ಕೆಳಗಿಳಿಸಿ, ಸೀಮೆಸುಣ್ಣ ತೆಗೆದುಕೊಂಡು, ಗಂಭೀರವಾಗಿ ತನ್ನ ಗುರುತು ಹಾಕುವುದನ್ನು ನೋಡಬೇಕಿತ್ತು. ‘ನಾನು ಬಂದಿದೀನಿ’ ಎಂದು ಅವಳು ಶಾಲೆಗೆ ತಿಳಿಸುತ್ತಿದ್ದಳು.

2025ರಲ್ಲಿ ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮಕ್ಕಳ ಮುಖವನ್ನು ಯಂತ್ರದಿಂದ ಗುರುತಿಸಿ ಹಾಜರಿ ಹಾಕುವ ಯೋಜನೆಯ ಸುದ್ದಿ ಓದಿದಾಗ ಆ ಹುಡುಗಿ ಕಣ್ಣ ಮುಂದೆ ಬಂದಳು. ಯೋಜನೆಗೆ ಕೊಟ್ಟ ಕಾರಣ ಸುಳ್ಳಲ್ಲ. ಹಾಜರಿ ಪುಸ್ತಕದಲ್ಲಿ ಇರುವ ಮಗು ಬೆಂಚಿನ ಮೇಲೆ ಇಲ್ಲದಿರುವುದು, ಇಲ್ಲದ ಮಗುವಿನ ಹೆಸರಲ್ಲಿ ಮೊಟ್ಟೆ, ಹಾಲಿನ ಪುಡಿಯ ಲೆಕ್ಕ ಬರೆಯುವುದು ನಡೆದಿದೆ. ಒಳಗಿದ್ದವಳು ನಾನು, ಗೊತ್ತು. ಆದರೆ ಸುಳ್ಳು ಲೆಕ್ಕ ಬರೆದವರು ದೊಡ್ಡವರು. ಅವರ ಮೇಲಿನ ಅಪನಂಬಿಕೆಗೆ ಆರು ವರ್ಷದ ಮಗು ದಿನಾ ಬೆಳಿಗ್ಗೆ ತನ್ನ ಮುಖ ಒಪ್ಪಿಸಬೇಕೆ? ಪಾಸ್‌ವರ್ಡ್ ಕಳೆದರೆ ಬೇರೆ ಇಟ್ಟುಕೊಳ್ಳಬಹುದು. ಮುಖದ ಅಳತೆ ಎಲ್ಲೋ ಸೋರಿಹೋದರೆ ಆ ಮಗುವಿಗೆ ಇನ್ನೊಂದು ಮುಖ ತಂದುಕೊಡುವವರು ಯಾರು? ಸೋರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಬಾರದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ನಾವೆಲ್ಲ ಬಳಸಿದ ದೀಕ್ಷಾ ಆಪ್‌ನಲ್ಲಿದ್ದ ಸುಮಾರು 6 ಲಕ್ಷ ವಿದ್ಯಾರ್ಥಿಗಳ, 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಮಾಹಿತಿ ಬೀಗವಿಲ್ಲದ ಸರ್ವರ್‌ನಲ್ಲಿ ಬಿದ್ದಿತ್ತು ಎಂಬುದು 2023ರ ಜನವರಿಯಲ್ಲಿ ಬಯಲಾಯಿತು.

ಮುಖ ಗುರುತಿಸಿ ಹಾಜರಿ ಹಾಕುವ ಪ್ರಯೋಗವನ್ನು ಸ್ವೀಡನ್ನಿನ ಶೆಲೆಫ್ಟಿಯೊ ಎಂಬ ಊರಿನ ಒಂದು ಶಾಲೆ 2018ರಲ್ಲಿ ಮಾಡಿತ್ತು. ಇಪ್ಪತ್ತೆರಡೇ ವಿದ್ಯಾರ್ಥಿಗಳು, ಕೆಲವೇ ವಾರಗಳು. ಹಾಜರಿ ಕರೆಯುವ ಹೊತ್ತು ಉಳಿಯುತ್ತದೆ ಎಂಬುದು ಶಾಲೆಯವರ ಮಾತು. ಪೋಷಕರ ಒಪ್ಪಿಗೆಯನ್ನೂ ಪಡೆದಿದ್ದರು. ಆದರೂ 2019ರ ಆಗಸ್ಟ್‌ನಲ್ಲಿ ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2 ಲಕ್ಷ ಕ್ರೋನಾ ದಂಡ ಹಾಕಿತು. ಶಾಲೆಯ ಅಂಕೆಯಲ್ಲಿರುವ ವಿದ್ಯಾರ್ಥಿ ಶಾಲೆಗೆ ಕೊಡುವ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆ ಎನ್ನಲಾಗದು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಈ ಮಾತನ್ನು ನಾನು ಎರಡು ಸಲ ಓದಿಕೊಂಡೆ. ನನ್ನ ಮುಂದೆ ಒಪ್ಪಿಗೆ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದ ತಾಯಂದಿರು ನೆನಪಾದರು. ‘ಎಲ್ಲಿ ಮಿಸ್, ಇಲ್ಲೇನಾ?’ ಎಂದು ಕೇಳಿದ್ದರೇ ಹೊರತು ಯಾವುದಕ್ಕೆ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಿದರೆ ಮಗುವಿಗೆ ಎಲ್ಲಿ ತೊಂದರೆಯಾದೀತೋ ಎಂಬ ಅಳುಕು ಅವರದು. ನಾನೂ ಹೇಳಲಿಲ್ಲ, ಹೇಳುವಷ್ಟು ನನಗೂ ತಿಳಿದಿರಲಿಲ್ಲ.

ಕ್ಯಾಮೆರಾ ಎಲ್ಲೂ ಬೇಡ ಎನ್ನುವವಳಲ್ಲ ನಾನು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ತಂದಾಗ ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ನಾವು ದೊಡ್ಡವರು ಮುಚ್ಚಿಟ್ಟಿದ್ದ ಒಂದು ಸತ್ಯವನ್ನು ಆ ಕ್ಯಾಮೆರಾ ತೋರಿಸಿತು, ಅಷ್ಟು ಉಪಕಾರ ಒಪ್ಪಬೇಕು. ಪರೀಕ್ಷೆ ಇರುವುದೇ ನೋಡುವುದಕ್ಕೆ. ತರಗತಿ ಹಾಗಲ್ಲ, ಅದು ತಪ್ಪುವುದಕ್ಕೆ ಇರುವ ಜಾಗ. ಬರೆಯದ ಉತ್ತರವನ್ನು ಕ್ಯಾಮೆರಾ ಬರೆಸಲಾರದು. ದಶಕ ಎರವಲು ಪಡೆದು ಕಳೆಯುವ ಲೆಕ್ಕ ತಿಳಿಯದ ಮಗುವಿನ ಪಕ್ಕ ಯಾರೋ ಒಬ್ಬರು ಕಡ್ಡಿಕಟ್ಟು ಬಿಚ್ಚಿಕೊಂಡು ಕೂರಬೇಕು. ಹಾಗೆ ಕೂರುವ ಹೊತ್ತನ್ನೇ ನಾವು ಕಳೆದುಕೊಂಡೆವು. ನನ್ನ ಕೊನೆಯ ವರ್ಷಗಳಲ್ಲಿ ಮಕ್ಕಳ ಮಾಹಿತಿ ತುಂಬುವುದಕ್ಕೇ ಎಷ್ಟೋ ಮಧ್ಯಾಹ್ನಗಳು ಹೋದವು. ಸರ್ವರ್ ಸಿಗುವ ತನಕ ಫೋನು ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದೆ, ಒಳಗೆ ಮಕ್ಕಳು ತಮ್ಮ ಪಾಡಿಗೆ ಇರುತ್ತಿದ್ದರು.

ಖಾಸಗಿತನ ಪಟ್ಟಣದ ಉಳ್ಳವರ ಮಾತು ಎನ್ನುವವರಿದ್ದಾರೆ. ಅವರಿಗೆ ನೆನಪಿಸಬೇಕಾದ ಹೆಸರು ನಮ್ಮ ರಾಜ್ಯದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ತೀರ್ಪಿನಲ್ಲಿ ಮಕ್ಕಳ ಬಗ್ಗೆಯೇ ಪ್ರತ್ಯೇಕವಾಗಿ ಬರೆದಿದ್ದಾರೆ: ಎಳೆತನದಲ್ಲಿ ಮಾಡಿದ ತಪ್ಪಿಗೆ ಮಕ್ಕಳು ಬದುಕಿಡೀ ಬೆಲೆ ತೆರುವಂತೆ ಆಗಬಾರದು ಎಂಬುದು ಅದರ ಸಾರ. ನಮ್ಮ ಸ್ಲೇಟಿಗೆ ಗೊತ್ತಿದ್ದದ್ದೂ ಇದೇ.

ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಅವರ ನಡವಳಿಕೆಯ ಬೆನ್ನು ಹತ್ತಬಾರದು. ಆದರೆ 2025ರಲ್ಲಿ ಬಂದ ನಿಯಮಗಳು ಕಲಿಕೆಯ ಮತ್ತು ಸುರಕ್ಷತೆಯ ಹೆಸರಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿವೆ. ಆ ಎರಡು ಪದಗಳೊಳಗೆ ಶಾಲೆಯವರು ಏನನ್ನು ಬೇಕಾದರೂ ತುಂಬಬಹುದು. ಹೀಗಾಗಿ ಮಗುವನ್ನು ಕಾಯುವ ಕೆಲಸ ಕೊನೆಗೆ ಶಿಕ್ಷಕರ, ಪೋಷಕರ ಮನಸ್ಸಾಕ್ಷಿಗೇ ಬಂದು ನಿಂತಿದೆ.

ಯಂತ್ರದಿಂದ ಮಕ್ಕಳಿಗೆ ಆದ ಒಳಿತನ್ನೂ ಕಂಡಿದ್ದೇನೆ. ಕಣ್ಣು ಕಾಣದ ಹುಡುಗನೊಬ್ಬ ಫೋನು ಓದಿ ಹೇಳುವ ಕತೆಗೆ ಕಿವಿಗೊಟ್ಟು ನಗುತ್ತಿದ್ದ. ಆ ಫೋನಿಗೆ ಅವನ ಹೆಸರೂ ಗೊತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ.

ಶಿಕ್ಷಕ ಗೆಳೆಯರೇ, ಅಂಕ ಹೇಳುವುದಿದ್ದರೆ ಆ ಮಗುವಿಗೆ, ಅದರ ಅಪ್ಪ ಅಮ್ಮನಿಗೆ ಮಾತ್ರ ಹೇಳಿ. ಗುಂಪಿನಲ್ಲಿರುವ ಹಳೆಯ ಪಟ್ಟಿಗಳನ್ನು ಇವತ್ತೇ ತೆಗೆಸಿ. ಪೋಷಕರೇ, ಶಾಲೆ ತೆರೆದಾಗ ನಿಮ್ಮ ಕೈಗೆ ಒಪ್ಪಿಗೆ ಪತ್ರಗಳು ಬರುತ್ತವೆ. ವಿದ್ಯಾರ್ಥಿಗಳಿಗೆ ಕೊಡುವ 12 ಅಂಕಿಯ ಅಪಾರ್ ಗುರುತಿನ ಸಂಖ್ಯೆ ಕೂಡ ಕಡ್ಡಾಯವಲ್ಲ, ನಿಮ್ಮ ಒಪ್ಪಿಗೆಯ ಮೇಲೆ ನಿಂತದ್ದು ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ. ಯಾವ ಪತ್ರವಾದರೂ ಸರಿ, ಕೂತು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ನನ್ನ ಮಗುವಿನ ಮಾಹಿತಿ ಯಾರ ಬಳಿ ಇರುತ್ತದೆ, ಯಾವತ್ತು ಅಳಿಸುತ್ತೀರಿ ಎಂದು ವಿಚಾರಿಸಿ. ಉತ್ತರ ಸಿಗುವ ತನಕ ಸಹಿ ಹಾಕಬೇಡಿ.