ಮಿಕ್ಕ ನೀರಿನ ಒಡೆತನ

ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಾನದ ಸುತ್ತ ಗೋಡೆಯೆತ್ತಿ ನೀರನ್ನು ತಡೆದಿರುವದನ್ನು ಭಕ್ತರೆಲ್ಲರೂ ಕಂಡಿದ್ದಾರೆ. ಅಲ್ಲಿ ನಿಂತಿರುವದು ನಾರಾಯಣಪುರದ ಹಿನ್ನೀರು. ಅದಕ್ಕೂ ಮೇಲೆ, 1964ರಲ್ಲಿ ಲಾಲ್ ಬಹಾದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ನೀರು ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನೇ ಒಳಗುಮಾಡಿಕೊಂಡಿತು. ಬಾವಿಯನ್ನೂ ಮುಗಿಲನ್ನೂ ನಂಬಿದ್ದ ಎಷ್ಟೋ ಎರೆಹೊಲಗಳಿಗೆ ಕಾಲುವೆ ಬಂದಿತು. ಕಾಲುವೆಯ ಸಂಗಡ, ಹಿರಿಯರು ಎದುರಿಸದಿದ್ದ ಒಂದು ಧರ್ಮಪ್ರಶ್ನೆಯೂ ಮನೆಬಾಗಿಲಿಗೆ ಬಂದಿತು.

ಒಂದು ಹೊಲಗಾಲುವೆಯ ಒಕ್ಕಲಿಗನು ಪ್ರಾಯ ಸಂದು ದುಡಿಮೆ ಬಿಟ್ಟಿದ್ದಾನೆಂದು ಭಾವಿಸೋಣ. ಮಗನು ಇಳಕಲ್ಲಿನ ಕೆಂಪು ಕಲ್ಲಿನ ಗಣಿಯಲ್ಲಿ ಉದ್ಯೋಗಕ್ಕೆ ನಿಂತಿದ್ದಾನೆ. ಪಾಳಿಯ ನೀರು ಬಳಕೆಯಾಗದೆ ಉಳಿದಿದೆ. ಅದನ್ನು ಆಚೆಯ ಹೊಲಗಾಲುವೆಯಲ್ಲಿರುವ ಬೀಗನಿಗೆ ಕೊಡಬಹುದೆ? ಕೊಟ್ಟರೆ ಬೆಲೆ ಪಡೆಯಬಹುದೆ?

“ನೀರಿನ ಕರ ಕಟ್ಟಿದವನು ನಾನು, ನನ್ನ ಪಾಲು ನನ್ನ ಇಚ್ಛೆ” ಎಂಬುದು ಪೂರ್ವಪಕ್ಷವು. ಕೇಳುವದಕ್ಕೆ ಇದು ನ್ಯಾಯವೆಂದೇ ತೋರುವದು. ಆದರೆ ಕಾಲುವೆಯ ನೀರಿನ ಅನುಮತಿಯು ಇಂತಿಷ್ಟು ಜಮೀನಿಗೆ ಎಂದು ಕೊಟ್ಟದ್ದೇ ಹೊರತು, ಗಂಟು ಕಟ್ಟಿ ಒಯ್ಯಲಿಕ್ಕೆ ಕೊಟ್ಟದ್ದಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ತೂಬಿನಿಂದ ಹೊರಟ ನೀರು ದಾರಿಯಲ್ಲಿ ಒಂದಿಷ್ಟು ಇಂಗುವದು, ಒಂದಿಷ್ಟು ಆರುವದು. ಹತ್ತು ಜನರ ನೀರು ಸಾಲಾಗಿ ಹರಿದಾಗ ಆ ನಷ್ಟವನ್ನು ಹತ್ತು ಜನರೂ ಹೊರುವರು. ಒಬ್ಬನ ನೀರು ಬೇರೆ ದಾರಿಗೆ ತಿರುಗಿತೆಂದರೆ ಅಷ್ಟೇ ಬಾಯಾರಿಕೆಯ ಮಣ್ಣನ್ನು ಉಳಿದ ಒಂಬತ್ತು ಜನ ತೋಯಿಸಬೇಕಾಗುವದು. ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟದೆಯೂ ಹೋಗಬಹುದು. ಆ ಕಡೆಯ ಹೊಲದವನು ಕೊಟ್ಟವನೂ ಅಲ್ಲ, ಕೊಂಡವನೂ ಅಲ್ಲ. ಆದರೂ ಬೆಲೆ ತೆತ್ತವನು ಅವನೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯು ನೆನಪಿಗೆ ಬರುವದು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನೆರೆಮನೆಗೆ ಕೊಡೆಂದೂ ಹೇಳಲಿಲ್ಲ. ತಂದಲ್ಲಿಯೇ ಸುರಿದು ಬಾ ಎಂದರು. ಅಕ್ಕಿಯನ್ನು ತಿರಸ್ಕರಿಸಿದ್ದನ್ನಷ್ಟೇ ನಾವು ಹೊಗಳುತ್ತೇವೆ, ಅದು ಹೋದ ದಿಕ್ಕನ್ನು ಗಮನಿಸುವದಿಲ್ಲ. ಮಿಕ್ಕದ್ದು ಬೇಕಾದವರಿಗೆ ಹಂಚಿ ಉದಾರಿ ಎನಿಸಿಕೊಳ್ಳುವದಕ್ಕೂ ತನ್ನದಲ್ಲ ಎಂಬಷ್ಟು ದೂರ ಆ ಮಹಾತಾಯಿಯ ವಿವೇಕವು ಹೋಗಿತ್ತು. ಹಾಗಾದರೆ ಒಕ್ಕಲಿಗನ ಮಿಕ್ಕ ನೀರು ಮೊದಲು ತನ್ನ ಕಾಲುವೆಗೇ ಮರಳತಕ್ಕದ್ದು. ಬೀಗನ ಸರದಿ ಆಮೇಲೆ. ಕೈಯಲ್ಲಿ ಲಿಂಗವಿಟ್ಟು ತಂಬಿಗೆ ನೀರಿನಿಂದ ಶ್ರದ್ಧೆಯಾಗಿ ಮಜ್ಜನ ಮಾಡಿದವರೇ ರಾತ್ರಿ ತೂಬಿನ ಬಾಗಿಲೆತ್ತುವದುಂಟು. ಆ ಮಾತು ಬೇರೆ.

ಕಡೆಯ ಹೊಲದವನ ಸಂಕಟವು ಸಣ್ಣದಲ್ಲ. ಇದೇ ಮಲಪ್ರಭೆಯ ಕಾಲುವೆಯ ಬಯಲಾದ ನರಗುಂದ-ನವಲಗುಂದಗಳಲ್ಲಿ, ನೀರು ಮುಟ್ಟದ ಹೊಲಕ್ಕೂ ಕರ ಬಂದಿತೆಂದು ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿತು, ಪ್ರಾಣಗಳು ಹೋದವು. ಮೇಲಿನವರು ಕಬ್ಬಿಗೆ ಕಟ್ಟಿದ ನೀರು ಕೆಳಗಿನವರ ಜೋಳಕ್ಕೆ ಇಲ್ಲವಾಗುವದು ಇಂದಿಗೂ ಕೇಳದ ದೂರಲ್ಲ.

ಹಾಗೆಂದು ನೀರನ್ನು ಹಳೆಯ ಕಾಲುವೆಗೇ ಗೂಟ ಹೊಡೆದು ಕಟ್ಟುವದೂ ಧರ್ಮವಲ್ಲ. ಪಾಳಿ ತಪ್ಪಿದರೆ ಹಕ್ಕು ಹೋದೀತೆಂದು ಬೆಳೆಯಿಲ್ಲದ ಮಡಿಗೂ ನೀರು ಬಿಟ್ಟುಕೊಂಡು ಎರೆಯನ್ನು ಸವಳು ಮಾಡುವವರಿದ್ದಾರೆ. ಅದಕ್ಕಿಂತ ಬೀಗನ ಹೊಲ ಹಸಿರಾಗುವದು ಎಷ್ಟೋ ಮೇಲು. ಊರನ್ನೇ ನೀರಿಗೆ ಕೊಟ್ಟು ಬೇರೆಡೆ ನೆಲೆಸಿದ ಮುಳುಗಡೆಯ ಸಂಸಾರವು ಹೊಸ ಹೊಲಕ್ಕೆ ನೀರು ಕೇಳಿದಾಗ ‘ಈ ಕಾಲುವೆ ನಿಮ್ಮದಲ್ಲ’ ಎನ್ನುವ ನಾಲಗೆಯಾದರೂ ಯಾವುದು?

ಆದುದರಿಂದ ನೀರು ಕಾಲುವೆ ಬದಲಿಸುವದು ತನ್ನಷ್ಟಕ್ಕೆ ದೋಷವಲ್ಲ. ಇಬ್ಬರೇ ಕೂತು ಮುಗಿಸುವದು ದೋಷ. ಹೂಳು ತೆಗೆದ ಕೂಲಿಯನ್ನು ಕೊಟ್ಟವನು ಪಡೆಯಲಿ, ಅದು ಕಾಯಕದ ಫಲವು. ನೀರಿಗೆ ಬೆಲೆ ಪಡೆಯಲಾಗದು. ಒಂದು ಹಂಗಾಮಿಗಷ್ಟೇ ಮಾತಾಗಲಿ. ಆ ಮಾತು ಅಧಿಕಾರಿಗಳ ಅರಿವಿನಲ್ಲಿ, ಕಾಲುವೆಯ ಎಲ್ಲ ಹೊಲದವರೂ ನೆರೆದಲ್ಲಿ ಆಗತಕ್ಕದ್ದು. ಕಡೆಯ ಹೊಲದವನು ಆ ಹೊತ್ತಿಗೆ ಬಂದಿರದಿದ್ದರೆ ಒಬ್ಬ ಹುಡುಗನನ್ನು ಅವನ ಮನೆಗೆ ಕಳಿಸಿ, ಅವನು ಬರುವವರೆಗೆ ಉಳಿದವರು ಕಾಯತಕ್ಕದ್ದು.