ಏಳಡಿ ಅಗಲದ ದೋಣಿ, ಮೂರಡಿ ಅಗಲದ ಕಾಲುವೆ

ನಮ್ಮೂರಿನ ಹೆಸರಿನಲ್ಲೇ ಬಾವಿ ಇದೆ. ದೋಣಿ ಮಾತ್ರ ಇಲ್ಲಿ ಮಾತಿನಲ್ಲೂ ಅಪರೂಪ. ತೊಂಡೇಬಾವಿ ಕಡೆ ಬೆಳೆದ ಹುಡುಗರಿಗೆ ನೀರು ಎಂದರೆ ಬಾವಿ, ತೊಟ್ಟಿ, ಬೋರ್‌ವೆಲ್ಲಿನ ಪಂಪು, ಬೇಸಿಗೆಯಲ್ಲಿ ಟ್ಯಾಂಕರು. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನಮ್ಮ ಗೌರಿಬಿದನೂರು ಸೀಮೆಯನ್ನು ಹಾದು ಹಿಂದೂಪುರದ ಕಡೆ ಇಳಿಯುತ್ತದೆ, ನಿಜ. ವರ್ಷದ ಬಹುಪಾಲು ಅದನ್ನು ಚಪ್ಪಲಿ ಒದ್ದೆಯಾಗದೆ ದಾಟಬಹುದು.

2021ರ ಕೊನೆಯಲ್ಲಿ ಮಾತ್ರ ಬೇರೆಯದೇ ಕಾಲ ಬಂತು. ದಶಕಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಪಕ್ಕದ ಊರಿನ ಕೆರೆಯಲ್ಲಿ ನಾಲ್ಕು ಹುಡುಗರು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಬೊಂಬು ಅಡ್ಡ ಇಟ್ಟು, ತೋಟದ ಹಳೆಯ ಡ್ರಿಪ್ ಪೈಪಿನಿಂದ ಬಿಗಿದು ತೆಪ್ಪ ಮಾಡಿದ್ದರು. ಏರಿಯ ಮೇಲೆ ಊರಿಗೆ ಊರೇ ನಿಂತು ನೋಡಿತು. ಒಬ್ಬ ಅಜ್ಜಿ ತೆಪ್ಪಕ್ಕೆ ಅರಿಸಿನ ಕುಂಕುಮ ಹಚ್ಚಿಸಿದ ಮೇಲೆಯೇ ನೀರಿಗೆ ಬಿಡಲು ಒಪ್ಪಿದರು. ಆ ತೆಪ್ಪ ಈಗ ಗುಡಿಯ ಹಿಂದೆ ಮಗುಚಿ ಬಿದ್ದಿದೆ, ಎರಡು ಡ್ರಮ್ಮು ಒಡೆದಿವೆ. ಅದನ್ನು ನೋಡಿದಾಗಲೆಲ್ಲ ನನಗೆ ಇಂಗ್ಲೆಂಡಿನ ಕಾಲುವೆಗಳ ಹಳೆಯ ದೋಣಿಗಳು ನೆನಪಾಗುತ್ತವೆ.

ಅಲ್ಲಿ ಅವುಗಳಿಗೆ ನ್ಯಾರೋಬೋಟ್ ಎನ್ನುತ್ತಾರೆ. ಅಗಲ ಏಳಡಿಗಿಂತ ಒಂದೆರಡು ಅಂಗುಲ ಕಡಿಮೆ, ಉದ್ದ ಎಪ್ಪತ್ತು ಅಡಿಯವರೆಗೆ. ಇಷ್ಟು ಸಪೂರ ಏಕೆಂದರೆ ಅದು ಹಾದುಹೋಗಬೇಕಾದ ಲಾಕ್‌ಗಳೇ ಅಷ್ಟು ಅಗಲ. ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ಕಲ್ಲಿನದೋ ಇಟ್ಟಿಗೆಯದೋ ತೊಟ್ಟಿ. ಕಾಲುವೆ ಗುಡ್ಡ ಹತ್ತಬೇಕಾದ ಕಡೆ ದೋಣಿಯನ್ನು ಅದರೊಳಗೆ ಬಿಟ್ಟು, ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿದರೆ ತೊಟ್ಟಿ ತುಂಬುತ್ತಾ ದೋಣಿಯೂ ಏರುತ್ತದೆ. ಒಂದು ಸಲ ತುಂಬಲು ಸುಮಾರು ಒಂದು ಲಕ್ಷ ಲೀಟರ್ ನೀರು ಬೇಕು, ನಮ್ಮ ಟ್ರಾಕ್ಟರ್ ಟ್ಯಾಂಕರಿನ ಲೆಕ್ಕದಲ್ಲಿ ಇಪ್ಪತ್ತು ಲೋಡು. ನೀರನ್ನೂ ದುಡ್ಡನ್ನೂ ಉಳಿಸಬೇಕೆಂದೇ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಲಾಕ್‌ಗಳನ್ನು ಏಳಡಿಗೆ ಇಳಿಸಿದ. 1766ರಲ್ಲಿ ಕೆಲಸ ಶುರುವಾದ ಟ್ರೆಂಟ್ ಮತ್ತು ಮರ್ಸಿ ಕಾಲುವೆಯಲ್ಲಿ ಅವನು ಹಾಕಿದ ಆ ಅಳತೆಗೆ ಇಂದಿಗೂ ಅಲ್ಲಿಯ ದೋಣಿಗಳು ಬದ್ಧ.

ದಡದ ದಾರಿಯಲ್ಲಿ ಒಂದು ಕುದುರೆ ಹಗ್ಗ ಎಳೆದು ನಡೆದರೆ ಹಿಂದೆ ಇಪ್ಪತ್ತೈದು ಟನ್ ಕಲ್ಲಿದ್ದಲು ತೇಲಿ ಬರುತ್ತಿತ್ತು. ಅದೇ ಕುದುರೆ ಅಂದಿನ ರಸ್ತೆಯಲ್ಲಿ ಒಂದೆರಡು ಟನ್ ಎಳೆದರೆ ಹೆಚ್ಚು. ರೈಲು ಬಂದ ಮೇಲೆ ಸರಕಿನ ಬಾಡಿಗೆ ಇಳಿಯಿತು, ದಡದ ಮೇಲಿನ ಮನೆಗೆ ಬಾಡಿಗೆ ಕಟ್ಟಲಾಗದೆ ಸಂಸಾರಗಳು ದೋಣಿಗೇ ಬಂದವು. ಉದ್ದಕ್ಕೂ ಸರಕು, ಹಿಂಭಾಗದ ಹತ್ತಡಿ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಒಲೆ. ಇದು ನಮಗೆ ಅರ್ಥವಾಗದ ಬದುಕೇನಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ನಡುಮನೆಯೆಲ್ಲ ಅದಕ್ಕೇ. ಮನೆಮಂದಿ ಜಗಲಿಯಲ್ಲೋ ಅಡುಗೆಮನೆಯ ಮೂಲೆಯಲ್ಲೋ ಮಲಗುತ್ತಾರೆ. ಅನ್ನ ಕೊಡುವುದಕ್ಕೆ ಮೊದಲು ಜಾಗ, ಉಳಿದದ್ದು ನಮಗೆ. ಆ ಹತ್ತಡಿ ಕೋಣೆಯ ಬಾಗಿಲಿಗೆ, ನೀರಿನ ಕ್ಯಾನಿಗೆ, ದೋಣಿಯವರು ಗುಲಾಬಿ ಹೂವನ್ನೂ ಕೋಟೆಯ ಚಿತ್ರವನ್ನೂ ಬರೆಸಿಕೊಳ್ಳುತ್ತಿದ್ದರು.

1963ರ ಹೊತ್ತಿಗೆ ಇದೆಲ್ಲ ಬಹುಮಟ್ಟಿಗೆ ಮುಗಿಯಿತು. ಆ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ದೋಣಿಗಳು ನಿಂತಲ್ಲೇ ನಿಂತವು. ಸರಕು ಲಾರಿಗೆ ಹೋದದ್ದು ಮತ್ತೆ ಹಿಂದಕ್ಕೆ ಬರಲಿಲ್ಲ. ಎಷ್ಟೋ ದೋಣಿಗಳು ಮುಳುಗಿದವು, ಎಷ್ಟೋ ಗುಜರಿಗೆ ಹೋದವು.

ಹಾಗೆ ಮುಳುಗಿದ್ದನ್ನು ಎತ್ತಿ ಮತ್ತೆ ಓಡಿಸುವ ಜನ ಅಲ್ಲಿ ಇಂದೂ ಇದ್ದಾರೆ. ಅವರು ಮಾಡುವ ಕೆಲಸದ ವಿವರ ಓದುತ್ತಿದ್ದರೆ ನನಗೆ ನಮ್ಮ ಅಜ್ಜಿಯ ಕೈ ಕಾಣುತ್ತದೆ. ಮರದ ದೋಣಿಯ ಹಲಗೆಗಳ ಸಂದಿಗೆ ನಾರು ತುರುಕಿ ಟಾರು ಬಳಿಯುತ್ತಾರೆ. ಹಿಂದಿನ ದೋಣಿಕಟ್ಟುವವರು ಬಿಸಿ ಟಾರಿಗೆ ಹಸುವಿನ ಕೂದಲು, ಕುದುರೆಯ ಲದ್ದಿ ಸೇರಿಸಿ ಕಲಸಿ ಹಚ್ಚುತ್ತಿದ್ದರು. ನಮ್ಮಜ್ಜಿ ಹೊಸ ಮೊರ ತಂದ ದಿನವೇ ನೆನೆಸಿದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ಒರಳಲ್ಲಿ ರುಬ್ಬಿ, ಬಿದಿರಿನ ಸಂದಿಸಂದಿಗೂ ಬೆರಳಲ್ಲಿ ಒತ್ತಿ, ಮೇಲೆ ಸಗಣಿ ಸಾರಿಸಿ ಬಿಸಿಲಿಗೆ ಇಡುತ್ತಿದ್ದರು. ರಾಗಿ ಸೋರಬಾರದು, ಅಷ್ಟೆ. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಕಬ್ಬಿಣದ ದೋಣಿಗೂ ಎರಡು ಮೂರು ವರ್ಷಕ್ಕೊಮ್ಮೆ ನೀರಿನಿಂದ ಎತ್ತಿ, ತುಕ್ಕು ಕೆರೆದು, ಕಪ್ಪು ಬಳಿಯದೆ ವಿಧಿಯಿಲ್ಲ. ಅಂಥ ದೋಣಿ ಕೊಂಡವರು ಕೊಂಡದ್ದು ವಸ್ತುವನ್ನಲ್ಲ, ಮುಗಿಯದ ಒಂದು ಕೆಲಸವನ್ನು.

ಆದರೆ ನಾನು ಈ ದೋಣಿಗಳ ಬಗ್ಗೆ ಬರೆಯಲು ಕುಳಿತದ್ದು ಅವುಗಳ ಚೆಂದಕ್ಕಲ್ಲ. ಅವು ಕಾಲುವೆಗಳನ್ನು ಉಳಿಸಿದ ಬಗೆಗೆ.

ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರು 1939ರಲ್ಲಿ ಹೆಂಡತಿಯೊಡನೆ ಕ್ರೆಸ್ಸಿ ಎಂಬ ಹಳೆಯ ದೋಣಿಯನ್ನು ಮನೆ ಮಾಡಿಕೊಂಡು ಕಾಲುವೆಗಳಲ್ಲಿ ಹೊರಟರು. ಆ ಪ್ರಯಾಣದ ಪುಸ್ತಕ ‘ನ್ಯಾರೋ ಬೋಟ್’ 1944ರಲ್ಲಿ ಬಂತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಎಂಬವರು ಕಾಗದ ಬರೆದರು, 1946ರಲ್ಲಿ ಇಬ್ಬರೂ ಮತ್ತೆ ಕೆಲವರೂ ಸೇರಿ ಒಳನಾಡಿನ ಜಲಮಾರ್ಗಗಳಿಗಾಗಿ ಒಂದು ಸಂಘ ಕಟ್ಟಿದರು. ಆಗ ಬರ್ಮಿಂಗ್‌ಹ್ಯಾಮಿನ ಅಂಚಿನ ಲಿಫರ್ಡ್ ಎಂಬಲ್ಲಿ ಸ್ಟ್ರಾಟ್‌ಫರ್ಡ್ ಕಾಲುವೆಯ ಮೇಲಿನ ಎತ್ತುವ ಸೇತುವೆ ಕೆಟ್ಟು, ಅದರ ಜಾಗದಲ್ಲಿ ರೈಲ್ವೆಯವರು ಎತ್ತಲಾಗದ ಸೇತುವೆ ಹಾಕಿದ್ದರು. ದೋಣಿ ಹೋಗುವುದು ನಿಂತಿತ್ತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಾಗ, ಮುಂಚೆ ತಿಳಿಸಿದರೆ ಯಾವ ದೋಣಿಗಾದರೂ ಸೇತುವೆ ಎತ್ತಿಕೊಡುತ್ತೇವೆ ಎಂದು ಉತ್ತರ ಬಂತು. ರೋಲ್ಟ್ ಕೂಡಲೇ ತಿಳಿಸಿದರು. 1947ರ ಮೇ 20ರಂದು ಕೆಲಸಗಾರರು ಜಾಕ್ ಕೊಟ್ಟು ಸೇತುವೆ ಎತ್ತಿದರು, ಕ್ರೆಸ್ಸಿ ಅಡಿಯಲ್ಲಿ ನುಸುಳಿ ಹೋಯಿತು. ದಡದಲ್ಲಿ ಜನ ನೆರೆದಿದ್ದರು. ಮುಂದೆ ಕೆಲವು ವರ್ಷಗಳಲ್ಲಿ ಕ್ರೆಸ್ಸಿಯ ಮರ ಕೊಳೆತು ಆ ದೋಣಿ ಉಳಿಯಲಿಲ್ಲ. ಅದು ನುಗ್ಗಿದ ಹಾದಿ ಉಳಿಯಿತು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಕಾಲುವೆಯ ದಕ್ಷಿಣ ಭಾಗದ ಸಂಗತಿ. ಸುಮಾರು ಇಪ್ಪತ್ತೊಂದು ಕಿಲೋಮೀಟರ್ ಉದ್ದದ ಆ ಭಾಗ ಹೂಳು ತುಂಬಿ, ಲಾಕ್ ಬಾಗಿಲು ಕೊಳೆತು ಬಿದ್ದಿತ್ತು. ಹೊಸ ಸೇತುವೆಗೆ ಹಣ ಹಾಕಲು ಮನಸ್ಸಿಲ್ಲದ ಅಲ್ಲಿಯ ಜಿಲ್ಲಾ ಆಡಳಿತ, ಮೂರು ವರ್ಷದಿಂದ ಇಲ್ಲಿ ಯಾರೂ ಓಡಾಡಿಲ್ಲ, ಕಾಲುವೆಯನ್ನು ಕೈಬಿಡಲು ಅಪ್ಪಣೆ ಕೊಡಿ ಎಂದು ಕೇಳಿತು. ಆಗ ಪುಟ್ಟ ಕನೂ ದೋಣಿ ಹುಟ್ಟು ಹಾಕುವ ಊರಿನವರೊಬ್ಬರು ಸುಂಕ ಕಟ್ಟಿ ಪಡೆದ, ತಾರೀಕು ಬಿದ್ದ ಟಿಕೆಟ್ ಹೊರಬಂತು. ಯಾರೂ ಓಡಾಡಿಲ್ಲ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. 1959ರಲ್ಲಿ ಸರ್ಕಾರ ಅಪ್ಪಣೆ ನಿರಾಕರಿಸಿತು. 1960ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಲುವೆಯನ್ನು ವಹಿಸಿಕೊಂಡಿತು. ಡೇವಿಡ್ ಹಚಿಂಗ್ಸ್ ಎಂಬವರ ಮುಂದಾಳುತನದಲ್ಲಿ ಭಾನುವಾರದ ಶ್ರಮದಾನಿಗಳು, ಸೈನಿಕರು, ಬರ್ಮಿಂಗ್‌ಹ್ಯಾಮಿನ ಜೈಲಿನ ಕೈದಿಗಳು ಸೇರಿ ಕೆಸರು ತೆಗೆದರು. 1964ರ ಜುಲೈನಲ್ಲಿ ರಾಜಮಾತೆ ಬಂದು ಅದನ್ನು ಮತ್ತೆ ತೆರೆದರು. ಅಂಗೈಯಲ್ಲಿ ಮುಚ್ಚಿಹೋಗುವ ಒಂದು ಚೀಟಿ!

ನಮ್ಮ ದಕ್ಷಿಣದಲ್ಲೂ ದೋಣಿಯ ಕಾಲುವೆಗಳಿದ್ದವು. ನಮ್ಮ ಪಿನಾಕಿನಿ ಕಡಪ ಜಿಲ್ಲೆಗೆ ಇಳಿಯುವ ಹೊತ್ತಿಗೆ ಪೆನ್ನಾ ಎನಿಸಿಕೊಳ್ಳುತ್ತದೆ. ತುಂಗಭದ್ರೆಯ ಸುಂಕೇಸುಲ ಅಣೆಕಟ್ಟಿನಿಂದ ಕಡಪದವರೆಗೆ 1860ರ ದಶಕದಲ್ಲಿ ತೋಡಿದ ಕರ್ನೂಲು-ಕಡಪ ಕಾಲುವೆ ನೀರಾವರಿಗೂ ದೋಣಿಗೂ ಎಂದೇ ಮಾಡಿದ್ದು. ಇನ್ನೂ ಕೆಳಗೆ, ನೆಲ್ಲೂರಿನ ಕರಾವಳಿಯುದ್ದಕ್ಕೂ ಮದರಾಸಿಗೆ ಉಪ್ಪು ಸೌದೆ ಸಾಗಿಸುತ್ತಿದ್ದ ಬಕಿಂಗ್‌ಹ್ಯಾಮ್ ಕಾಲುವೆ. ಮದರಾಸಿನೊಳಗೆ ಕೂವಂ ಮತ್ತು ಅಡ್ಯಾರು ಹೊಳೆಗಳನ್ನು ಕೂಡಿಸುವ ಅದರ ತುಂಡನ್ನು 1876-78ರ ಬರದಲ್ಲಿ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದ ಅದೇ ಬರದಲ್ಲಿ, ಹಸಿದ ಜನ ಕೂಲಿಗಾಗಿ ತೋಡಿದರು. ದೋಣಿಗಳು ನಿಂತ ಮೇಲೆ ಅದೇ ಕಾಲುವೆಗೆ ನಗರದ ಕೊಳಚೆ ಬಂತು, ಪಾತ್ರದಲ್ಲೇ ರೈಲಿನ ಕಂಬಗಳು ಎದ್ದವು. ಅಲ್ಲಿ ಟಿಕೆಟ್ ಹಿಡಿದು ನಿಲ್ಲಲು ಯಾವ ದೋಣಿಯವನೂ ಉಳಿದಿರಲಿಲ್ಲ.

ನಮ್ಮ ಬಯಲುಸೀಮೆಯ ಕಾಲುವೆಗಳಲ್ಲಿ ದೋಣಿ ಎಂದೂ ಇರಲಿಲ್ಲ. ಅವು ಬೆಟ್ಟದ ಮಳೆಯನ್ನು ಕೆರೆಗೆ, ಕೆರೆಯ ಕೋಡಿಯನ್ನು ಕೆಳಗಿನ ಕೆರೆಗೆ ಮುಟ್ಟಿಸುವ ಸಣ್ಣ ಕಾಲುವೆಗಳು, ಕೆಲವು ಕಡೆ ಮೂರಡಿ ಅಗಲವೂ ಇಲ್ಲ. ಅವಿಭಜಿತ ಕೋಲಾರ ಜಿಲ್ಲೆಯ ನಾಲ್ಕು ಸಾವಿರಕ್ಕೂ ಮಿಕ್ಕ ಕೆರೆಗಳು ಬದುಕಿದ್ದು ಇವುಗಳಿಂದ. ಇಲ್ಲಿ ಓಡಾಡುತ್ತಿದ್ದವನು ಕೆರೆ ಕಾಲುವೆ ನೋಡಿಕೊಳ್ಳುವ ನೀರುಗಂಟಿ. ನಾನು ಚಿಕ್ಕವನಿದ್ದಾಗ ಕಂಡ ನೀರುಗಂಟಿ ತಾತ ಹೆಗಲ ಮೇಲೆ ಸನಿಕೆ, ತಲೆಗೆ ಮಡಿಸಿದ ಗೋಣಿಚೀಲ ಹಾಕಿಕೊಂಡು ಮಳೆಯಲ್ಲೇ ಕಾಲುವೆ ಹಿಡಿದು ಹೋಗುತ್ತಿದ್ದರು. ಎಲ್ಲಿ ಏಡಿ ತೂತು ಕೊರೆದಿದೆ, ಯಾರ ಗದ್ದೆಯ ಬದು ಕಾಲುವೆಗೆ ಒಂದು ಗೇಣು ಜರುಗಿದೆ ಎಂಬುದು ಅವರ ಪಾದಕ್ಕೆ ಗೊತ್ತಿತ್ತು. ಒಮ್ಮೆ ಅವರ ಹಿಂದೆ ನಡೆಯುತ್ತಾ, “ದಿನಾ ಯಾಕೆ ತಾತಾ ಬರ್ತೀಯಾ, ನೀರೇ ಇಲ್ವಲ್ಲ?” ಎಂದು ಕೇಳಿದ್ದೆ. “ನಾನ್ ಬರ್ತೀನಿ ಅಂತ ಬದು ಇಟ್ಕೊಂಡೋರ್ಗೆ ಗೊತ್ತಿರಬೇಕಲ್ಲಪ್ಪ” ಎಂದರು.

ಬೆಳೆಯ ಸುಗ್ಗಿಯಲ್ಲಿ ಅವರಿಗೆ ಕಣದಲ್ಲೇ ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಕೆರೆಯ ನೀರಿಗೆ ಕಾಯುವವರಿಲ್ಲ, ಅಳೆದು ಕೊಡುವವರೂ ಇಲ್ಲ. ಅವರ ಮನೆಯಲ್ಲಿ ಆ ಕೆಲಸ ಅವರೊಂದಿಗೇ ಮುಗಿಯಿತು. ಹೂಳೆತ್ತಲು ಯೋಜನೆಗಳು ಬಂದಿವೆ, ಜೆಸಿಬಿ ಬಂದಿವೆ. ಬೆಂಗಳೂರಿನ ಸಂಸ್ಕರಿಸಿದ ನೀರು ಪೈಪಿನಲ್ಲಿ ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿದೆ. ಕೆರೆಗೆ ಹಣ ಬರುತ್ತದೆ, ಕಾಲುವೆಗೆ ಕಾಲು ಬರುವುದಿಲ್ಲ. ನಕ್ಷೆಯಲ್ಲಿ ಗೆರೆ ಇದೆ, ನೆಲದಲ್ಲಿ ಜೋಳದ ಸಾಲು, ಸೈಟಿನ ಕಲ್ಲು. ಅಲ್ಲಿ ಯಾರೂ ಓಡಾಡಿಲ್ಲ ಎಂದು ಯಾರಾದರೂ ಹೇಳಿದರೆ ಇಲ್ಲ ಎನ್ನಲು ನಮ್ಮ ಹತ್ತಿರ ಒಂದು ಟಿಕೆಟ್ಟೂ ಇಲ್ಲ.

ಇಂಗ್ಲೆಂಡಿನ ಕಾಲುವೆಗಳಲ್ಲಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿವೆ. ಪ್ರತಿಯೊಬ್ಬ ದೋಣಿಯವರ ಬಳಿಯೂ ಲಾಕಿನ ತೂಬು ಎತ್ತುವ ಕಬ್ಬಿಣದ ಹಿಡಿಕೆ ಇರುತ್ತದೆ. ಬಾಗಿಲು ಸೋರಿದರೆ, ಮರ ಅಡ್ಡ ಬಿದ್ದರೆ ಮೊದಲು ತಿಳಿಯುವುದು ಅವರಿಗೆ. ರಜೆಗೆ ದೋಣಿ ಹತ್ತಿದವನಿಗೂ ಆ ಹಿಡಿಕೆ ಕೈಗೆ ಬರುತ್ತದೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ನೀರಿನ ಮೇಲೆ ಮಾತ್ರ ಸ್ವಲ್ಪ ಇದೆ.

ಕಳೆದ ಭಾನುವಾರ ಬೆಳಿಗ್ಗೆ, ರಾತ್ರಿಯ ಮಳೆ ಬಿಟ್ಟ ಮೇಲೆ, ನೀರುಗಂಟಿ ತಾತನ ಮೊಮ್ಮಗನನ್ನು ಕರೆದುಕೊಂಡು ಬೆಟ್ಟದ ಬುಡದಿಂದ ಕಾಲುವೆ ಹಿಡಿದು ನಡೆದೆ. ಅವನು ಈಗ ಟೆಂಪೋ ಓಡಿಸುತ್ತಾನೆ. ತಾತನ ಸನಿಕೆಗೆ ಹೊಸ ಕಾವು ಹಾಕಿಸಿಟ್ಟುಕೊಂಡಿದ್ದಾನೆ, ಕೇಳದೆಯೇ ತಂದಿದ್ದ. ಅರ್ಧ ಕಿಲೋಮೀಟರಿನಲ್ಲಿ ಮೂರು ಕಡೆ ಕಾಲುವೆ ತಪ್ಪಿತು, ಮೂರು ಸಲವೂ ಹೊಂಗೆ ಮರದ ಗುರುತು ಹಿಡಿದು ಅವನೇ ಹುಡುಕಿದ. ನಾಲ್ಕನೆಯ ಕಡೆ ಬಳ್ಳಾರಿ ಜಾಲಿ ಕವಿದು, ಹಿಂದೆ ಕೆಂಪು ನೀರು ಮೊಣಕಾಲುದ್ದ ನಿಂತಿತ್ತು. ಇಬ್ಬರೂ ಕಡಿದೆವು. ಕಸಕಡ್ಡಿ, ಒಂಟಿ ಚಪ್ಪಲಿ, ಹಾಲಿನ ಪ್ಯಾಕೆಟ್ಟಿನ ಜೊತೆ ನೀರು ಮೊದಲು ತಡವರಿಸಿ ಆಮೇಲೆ ಸರಸರನೆ ಇಳಿಯಿತು. ನಾವು ಪಕ್ಕದಲ್ಲೇ ನಡೆದೆವು. ರಸ್ತೆಯ ಮೋರಿಯ ಹತ್ತಿರ ಅದು ಮತ್ತೆ ನಿಂತಿತು, ಬಾಯಿ ತನಕ ಹೂಳು. ಅವನು ಸನಿಕೆಯ ಕಾವಿನಿಂದ ಆಳ ನೋಡಿ, “ಇಬ್ರಿಂದ ಆಗಲ್ಲಣ್ಣ, ಬರೋ ಭಾನುವಾರ ಆ ತೆಪ್ಪದ ಹುಡುಗ್ರನ್ನೂ ಕರ್ಕೊಂಬರಾಣ” ಎಂದ.